ನೂರಿಪ್ಪತ್ತು ಕುರ್ಚಿ ಗವಸು

ನನ್ನ ಗಂಡನ ಪಿಂಚಣಿಯನ್ನು ನಾನೇ ಒಗೆದು ಹಾಕಿದೆ. ಮಾತಿಗೆ ಹೇಳುತ್ತಿಲ್ಲ. ಕಲ್ಲಿನ ಮೇಲಿಟ್ಟು ಸೋಪು ತಿಕ್ಕಿ, ಎತ್ತಿ ಎತ್ತಿ ಬಡಿದು, ಮೂರು ನೀರಿನಲ್ಲಿ ಜಾಲಿಸಿ, ಹಿಂಡಿ, ಕೊಡವಿ ಒಣಹಾಕಿದೆ. ಅಷ್ಟು ಚೆನ್ನಾಗಿ ನಾನು ಬೇರೆ ಯಾರ ಬಟ್ಟೆಯನ್ನೂ ಒಗೆದಿರಲಿಲ್ಲ.

ನಾನು ಅಗಸಗಿತ್ತಿ. ನಮ್ಮ ಬೀದಿಯಲ್ಲಿ ನನ್ನನ್ನು ಜೇಬಕ್ಕ ಎನ್ನುತ್ತಾರೆ. ಬಟ್ಟೆ ನೀರಿಗೆ ಬೀಳುವ ಮೊದಲು ಜೇಬು ತಡಕುವುದು ನಮ್ಮ ಕಸುಬಿನ ಮೊದಲ ಪಾಠ. ಆ ಪಾಠದಲ್ಲಿ ನಾನು ಎತ್ತಿದ ಕೈ. ಚಿಲ್ಲರೆ, ಬೀಗದ ಕೈ, ಪ್ರೇಮಪತ್ರ, ಒಮ್ಮೆ ಒಬ್ಬ ಮೇಷ್ಟರ ಹಲ್ಲುಸೆಟ್ಟು, ಎಲ್ಲ ಸಿಕ್ಕಿದೆ. ಎಲ್ಲವನ್ನೂ ವಾಪಸ್ ಕೊಟ್ಟಿದ್ದೇನೆ. ಪ್ರೇಮಪತ್ರವನ್ನು ಹೆಂಡತಿಯ ಕೈಗೆ ಕೊಡದೆ ಗಂಡನ ಕೈಗೇ ಕೊಡುವಷ್ಟು ಬುದ್ಧಿಯೂ ನನಗಿತ್ತು. ಇಡೀ ಜನ್ಮದಲ್ಲಿ ಒಂದೇ ಒಂದು ಜೇಬನ್ನು ನೋಡದೆ ಬಿಟ್ಟೆ. ಅದು ನನ್ನ ಗಂಡನದು.

ಅವರು ಸೈನ್ಯದಿಂದ ಬಂದ ದಿನ ಅದು. ಹನ್ನೊಂದು ವರ್ಷ ಸೈನಿಕರಾಗಿದ್ದರು. ಗಡಿಯಲ್ಲಿ ಮಂಡಿಗೆ ಗುಂಡು ಬಿತ್ತು. ಐದು ತಿಂಗಳು ಆಸ್ಪತ್ರೆಯಲ್ಲಿ ಮಲಗಿಸಿದರು. ಆಮೇಲೆ ಇನ್ನು ನಿನ್ನಿಂದ ಆಗದು ಎಂದು ಮನೆಗೆ ಕಳಿಸಿದರು. ಊರುಗೋಲು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಬೇರೆ ಹೆಂಗಸಾಗಿದ್ದರೆ ಅಪ್ಪಿಕೊಂಡು ಅಳುತ್ತಿದ್ದಳೇನೋ. ನನಗೆ ಕಂಡದ್ದು ಅವರ ಬಟ್ಟೆಯ ಕೊಳೆ. "ಮೊದಲು ಇದನ್ನ ಬಿಚ್ಚಿ" ಎಂದೆ. ಸಂತೋಷವಾದರೆ ಒಗೆಯುವುದು ಬಿಟ್ಟು ನನಗೆ ಬೇರೇನೂ ತೋಚುವುದಿಲ್ಲ.

ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಅವರ ಬಿಡುಗಡೆ ಪುಸ್ತಕವಿತ್ತು. ಅಂಗೈಯಷ್ಟು ಅಗಲದ್ದು. ಅವರ ನಂಬರು, ಸೇರಿದ ದಿನ, ಗುಂಡು ಬಿದ್ದ ದಿನ, ಸೈನ್ಯ ಬಿಟ್ಟ ಕಾರಣ, ಮೊಹರು, ಎಲ್ಲ ಅದರಲ್ಲೇ. ಅದನ್ನು ತೋರಿಸಿದರೆ ಪಿಂಚಣಿ. ನನ್ನ ಕೈಗೆ ಮತ್ತೆ ಸಿಕ್ಕಾಗ ಅದು ನಾದಿದ ಹಿಟ್ಟಿನ ಉಂಡೆಯಾಗಿತ್ತು. ನಾನು ಅದನ್ನು ಹಿಡಿದುಕೊಂಡು ಅವರ ಮುಂದೆ ನಿಂತೆ. ಅವರು ಉಂಡೆಯನ್ನು ನೋಡಿದರು, ನನ್ನನ್ನು ನೋಡಿದರು.

"ಬಿಡೇ. ಹೋಗಿದ್ದು ಕಾಗದ ತಾನೇ? ನಾನು ಬಂದಿದೀನಲ್ಲ" ಎಂದರು.

ಅಷ್ಟೇ. ಮತ್ತೆ ಮೂವತ್ತೆಂಟು ವರ್ಷ ಅವರು ಆ ಮಾತು ಎತ್ತಲಿಲ್ಲ. ಮಡಚಲು ಬಾರದ ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು, ನಾನು ಒಗೆದದ್ದಕ್ಕೆಲ್ಲ ಇಸ್ತ್ರಿ ಹಾಕಿದರು. ನಾಲ್ಕು ವರ್ಷದ ಹಿಂದೆ ಸತ್ತರು. ಅವತ್ತೂ ಹತ್ತು ಅಂಗಿ ಮುಗಿಸಿದ್ದರು.

ಅವರು ಹೋದ ಎರಡು ವರ್ಷಕ್ಕೆ ನನ್ನ ಕೈಯೂ ಹೋಯಿತು. ಗೆಣ್ಣುಗಳು ಊದಿದವು. ಸೋಡಾ ನೀರಿಗೆ ಚರ್ಮ ಸೀಳಿ ಸೀಳಿ ಬೆರಳ ಸಂದಿಯಲ್ಲಿ ಸದಾ ಕೆಂಪು. ಒದ್ದೆ ಹೊದಿಕೆ ಹಿಂಡಲು ಹೋದರೆ ಕೈಯೇ ಹಿಂಡಿದಂತೆ ನೋವು. ವೈದ್ಯರು ಇನ್ನು ನೀರು ಮುಟ್ಟಬೇಡಿ ಎಂದರು. ಅಗಸಗಿತ್ತಿಗೆ ನೀರು ಮುಟ್ಟಬೇಡ ಎನ್ನುವ ವೈದ್ಯರಿಗೆ ಏನು ಹೇಳುವುದು? ಆಗಲಿ ಸಾರ್ ಎಂದು ಬಂದೆ. ಬಂದವಳೇ ಅವರದೇ ಬಿಳಿ ಕೋಟು ಒಗೆದೆ.

ಮಗಳು ನನ್ನ ಜೊತೆಯಲ್ಲೇ ಇದ್ದಾಳೆ. ಇಸ್ತ್ರಿ ಮೇಜು ಈಗ ಅವಳದು. ಅಪ್ಪನ ಮೂಗು, ನನ್ನ ನಾಲಿಗೆ.

"ಅಮ್ಮಾ, ನೀನು ಕಚೇರಿಗೆ ಹೋಗು. ಅಪ್ಪನ ಪಿಂಚಣಿ ಕೇಳು. ನಾನೊಬ್ಬಳೇ ಎಷ್ಟು ಅಂತ ಉಜ್ಜಲಿ?" ಎಂದಳು.

"ಪುಸ್ತಕ ಇಲ್ವಲ್ಲೇ."

"ಪುಸ್ತಕ ಇಲ್ಲ. ಅಪ್ಪನ ಮಂಡೀಲಿ ಗುಂಡಿನ ತೂತು ಇರ್ಲಿಲ್ವಾ?"

ಇತ್ತು. ಆದರೆ ಅದನ್ನು ಅವರು ತೆಗೆದುಕೊಂಡು ಹೋಗಿದ್ದರು.

ಕಚೇರಿಯಲ್ಲಿ ಮಾಜಿ ಸೈನಿಕರ ವಿಭಾಗ ಮಹಡಿಯ ಮೇಲೆ. ಮಂಡಿ ಹೋದವರೆಲ್ಲ ಬರುವ ಜಾಗವನ್ನು ಮಹಡಿಯ ಮೇಲಿಟ್ಟವರ ಬುದ್ಧಿಗೆ ಏನಾದರೂ ಬಹುಮಾನ ಕೊಡಬೇಕು. ಅಲ್ಲಿನ ಗುಮಾಸ್ತರು ಕನ್ನಡಕ ಹಣೆಗೇರಿಸಿ ಕಡತ ತೆಗೆದರು. ಕಡತ ಇದ್ದದ್ದೇ ನನಗೆ ಆಶ್ಚರ್ಯ. ಅದರ ತುಂಬ ನನ್ನ ಗಂಡನ ಅರ್ಜಿಗಳು. ಒಟ್ಟು ಹದಿನಾಲ್ಕು. ಅವರು ಅರ್ಜಿ ಬರೆಯುತ್ತಿದ್ದದ್ದು ನನಗೆ ಗೊತ್ತೇ ಇರಲಿಲ್ಲ.

"ಪುಸ್ತಕ ಹೇಗೆ ಹೋಯ್ತಮ್ಮ?" ಎಂದು ಗುಮಾಸ್ತರು ಕೇಳಿದರು.

"ನಾನೇ ಒಗೆದೆ ಸಾರ್."

"ಏನು?"

"ಪ್ಯಾಂಟಿನ ಜೊತೆ ಒಗೆದೆ. ಜೇಬು ನೋಡ್ಲಿಲ್ಲ."

"ನಿನ್ನ ಗಂಡ ಬೇರೆ ಬರ್ದಿದಾನಲ್ಲ. ಕೇಳು. 'ಊರಿಗೆ ಮರಳುವಾಗ ರೈಲಿನಲ್ಲಿ ನನ್ನ ಅಜಾಗರೂಕತೆಯಿಂದ ಪುಸ್ತಕ ಕಳೆದುಹೋಗಿರುತ್ತದೆ.' ಹದಿನಾಲ್ಕು ಅರ್ಜೀಲೂ ಇದೇ ಮಾತು. ನಿಮ್ಮಿಬ್ಬರಲ್ಲಿ ಯಾರು ಸುಳ್ಳು ಹೇಳ್ತಿರೋದು?"

ನಾನು ಮೇಜಿನ ಅಂಚು ಹಿಡಿದುಕೊಂಡೆ. ಹದಿನಾಲ್ಕು ಸಲ ಆ ಮನುಷ್ಯ ತಾನೇ ತಪ್ಪು ಮಾಡಿದೆನೆಂದು ಬರೆದಿದ್ದರು. ಸರ್ಕಾರದ ಕಾಗದದಲ್ಲಿ ನನ್ನ ದಡ್ಡತನ ಬರಬಾರದೆಂದು ಅದನ್ನು ತಮ್ಮ ಹೊಟ್ಟೆಗೆ ಹಾಕಿಕೊಂಡಿದ್ದರು. ನನಗೆ ಅಳು ಬಂತು. ಅವರು ಬದುಕಿದ್ದಾಗ ಕಾಫಿಗೆ ಸಕ್ಕರೆ ಹೆಚ್ಚಾಯಿತೆಂದು ಬೈದದ್ದೆಲ್ಲ ನೆನಪಾಯಿತು.

"ಹೇಳಮ್ಮ, ಯಾರು ಸುಳ್ಳು?"

"ಅವರೇ ಸಾರ್" ಎಂದೆ.

ಸತ್ಯ ಹೇಳಿದ್ದಕ್ಕೆ ಫಲ ಕೂಡಲೇ ಸಿಕ್ಕಿತು. ಗುಮಾಸ್ತರು ಕಡತದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಏನೋ ಗೀಚಿದರು. ನಾನು ಮೂರನೇ ತರಗತಿಯವರೆಗೆ ಓದಿದವಳು. ತಲೆಕೆಳಗಾಗಿದ್ದರೂ ಕೂಡಿಸಿ ಓದಿದೆ. 'ಹೇಳಿಕೆಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ.'

"ನಿಮ್ಮಲ್ಲಿ ದಾಖಲೆ ಇರಬೇಕಲ್ಲ ಸಾರ್?"

"ಆ ವರ್ಷದ ದಾಖಲೆ ಇಲ್ಲ. ಕೆಳಗಿನ ಕೋಣೆಗೆ ನೀರು ನುಗ್ಗಿ ಎಲ್ಲ ಮುದ್ದೆಯಾಗಿದೆ."

ಅಂದರೆ ಸರ್ಕಾರವೂ ನನ್ನ ಹಾಗೆಯೇ ಕಾಗದ ಒಗೆದಿತ್ತು. ನಾನು ಒಂದು ಪುಸ್ತಕ ಒಗೆದೆ. ಅದು ಒಂದು ಕೋಣೆ ತುಂಬ ಒಗೆಯಿತು. ಆದರೆ ಅದರ ಊಟವೇನೂ ನಿಲ್ಲಲಿಲ್ಲ.

ಮಾರನೆಯ ವಾರ ಗಂಡನ ಸಮವಸ್ತ್ರದ ಅಂಗಿ ತೆಗೆದುಕೊಂಡು ಹೋದೆ. ಅದರ ಕಾಲರಿನ ಒಳಗೆ ಅವರ ಸೈನ್ಯದ ನಂಬರಿದೆ. ಶಿಬಿರದ ಅಗಸರು ಬರೆದದ್ದು. ಎಲ್ಲರ ಬಟ್ಟೆಯೂ ಒಂದೇ ಬಣ್ಣವಾದಾಗ ಯಾರದು ಯಾರಿಗೆ ಹೋಗಬೇಕೆಂದು ಗುರುತು ಹಾಕಲೇಬೇಕು. ನಾನೂ ಹಾಗೇ ಹಾಕುತ್ತೇನೆ. ಅದಕ್ಕೆಂದೇ ಇರುವ ಮಸಿ ಅದು. ಬಟ್ಟೆ ಹರಿದು ಚಿಂದಿಯಾದರೂ ಮಸಿ ಹೋಗುವುದಿಲ್ಲ. ಮೂರು, ಒಂದು, ಏಳು, ನಾಲ್ಕು, ಸೊನ್ನೆ, ಒಂಬತ್ತು. ನಾನು ಕಾಲರು ಮಗುಚಿ ತೋರಿಸಿದೆ.

ಗುಮಾಸ್ತರು ಮುಟ್ಟಲಿಲ್ಲ. ಪೆನ್ಸಿಲ್ಲಿನ ತುದಿಯಿಂದ ಎತ್ತಿ ನೋಡಿದರು.

"ನೀನು ಏನು ಕೆಲಸ ಮಾಡೋದು?"

"ಬಟ್ಟೆ ಒಗೀತೀನಿ ಸಾರ್."

"ಬಟ್ಟೆ ಮೇಲೆ ನಂಬರ್ ಬರಿಯೋದು?"

"ನಾನೇ ಸಾರ್."

ಅವರು ನಕ್ಕರು. ಪಕ್ಕದ ಮೇಜಿನವರನ್ನು ಕರೆದು ತೋರಿಸಿ ಇನ್ನೊಮ್ಮೆ ನಕ್ಕರು. "ಇಂಥ ಸಾಕ್ಷಿ ದಿನಕ್ಕೆ ನೂರು ತಯಾರ್ ಮಾಡ್ತೀಯ ನೀನು. ಎತ್ಕೊಂಡು ಹೋಗು."

ಹೀಗೆ ನನ್ನ ಕಸುಬು ಎರಡು ಸಲ ನನ್ನ ಗಂಡನನ್ನು ಸೈನ್ಯದಿಂದ ತೆಗೆದುಹಾಕಿತು. ಒಮ್ಮೆ ಒಗೆದು, ಇನ್ನೊಮ್ಮೆ ಬರೆದು. ನಾನು ಅಂಗಿ ಮಡಿಸಿಕೊಂಡು ಹೊರಟೆ. ಬಾಗಿಲವರೆಗೆ ಹೋಗಿದ್ದೆ. ಗುಮಾಸ್ತರು ಕರೆದರು.

"ನೋಡಮ್ಮ, ಮೇಲಿನವರಿಗೆ ಬರೀಬಹುದು. ಟೈಮ್ ಹಿಡಿಯತ್ತೆ. ಅಲ್ಲೀತನಕ ಈ ಪರದೆಗಳು ಒಂಚೂರು ಒಗೆದುಕೊಡು. ಧೂಳು ಹಿಡಿದಿವೆ."

ಒಗೆದುಕೊಟ್ಟೆ. ಆಮೇಲೆ ಮೇಜಿನ ಬಟ್ಟೆ. ಆಮೇಲೆ ಸಾಹೇಬರ ಕೋಣೆಯ ಪರದೆ. ಆಮೇಲೆ ಸಾಹೇಬರ ಮನೆಯ ಪರದೆ. ಎರಡು ವರ್ಷ. ಸರ್ಕಾರ ನನಗೆ ಪಿಂಚಣಿ ಕೊಡಬೇಕಿತ್ತು. ನಾನೇ ಸರ್ಕಾರಕ್ಕೆ ಕೊಡತೊಡಗಿದೆ. ಮಗಳು ಬೈದಳು. ನಾನು ಸೊಪ್ಪು ಹಾಕಲಿಲ್ಲ. ನಾಲ್ಕು ಪರದೆ ಹೆಚ್ಚು ಬೆಳ್ಳಗಾದರೆ ಗುಮಾಸ್ತರ ಮನಸ್ಸೂ ಬೆಳ್ಳಗಾಗುತ್ತದೆಂದು ನಂಬಿದ್ದೆ. ನನ್ನಂಥ ಬೆಪ್ಪಿಯನ್ನು ಹುಡುಕಿದರೂ ಸಿಗುವುದಿಲ್ಲ. ಆದರೆ ಅವರು ಹುಡುಕಬೇಕಾಗಿಯೇ ಇರಲಿಲ್ಲ, ಪ್ರತಿ ಸೋಮವಾರ ಹತ್ತು ಗಂಟೆಗೆ ನಾನೇ ಹೋಗಿ ನಿಲ್ಲುತ್ತಿದ್ದೆ. ಮುಂಬಾಗಿಲಲ್ಲೂ ಅಲ್ಲ. ಗಂಟು ಹೊತ್ತವರು ಹಿಂಬಾಗಿಲಿಂದ ಬರಬೇಕೆಂದು ಜವಾನ ಹೇಳಿದ್ದ. ಗಂಟು ಇಲ್ಲದ ದಿನವೂ ನಾನು ಹಿಂಬಾಗಿಲಿಂದಲೇ ಹೋಗುತ್ತಿದ್ದೆ.

ಕಳೆದ ತಿಂಗಳು ಗುಮಾಸ್ತರು ನಗುಮುಖದಿಂದ ಕರೆದರು. ಆಯಿತು, ಬಂತು ಎಂದುಕೊಂಡೆ. ಅವರು ಮೂಲೆಯಲ್ಲಿದ್ದ ಗುಡ್ಡೆ ತೋರಿಸಿದರು. ಬಿಳಿ ಕುರ್ಚಿ ಗವಸುಗಳು.

"ನೂರಿಪ್ಪತ್ತಿವೆ. ಶನಿವಾರ ಸಭಾಂಗಣದಲ್ಲಿ ದೊಡ್ಡ ಸಮಾರಂಭ. ಚೆನ್ನಾಗಿ ಗಂಜಿ ಹಾಕು. ಸೈನಿಕರ ವಿಧವೆಯರಿಗೆ ಸನ್ಮಾನ. ಅವರು ಕೂತ್ಕೊಳ್ಳೋ ಕುರ್ಚಿ ಇವು."

"ನಾನೂ... ಅಲ್ವಾ ಸಾರ್?"

"ನಿಂದಿನ್ನೂ ತೀರ್ಮಾನ ಆಗಿಲ್ವಲ್ಲಮ್ಮ. ಆಗ್ಲಿ, ಮುಂದಿನ ಸಲ ಕೂತ್ಕೊಳ್ಳುವಂತೆ. ಶನಿವಾರ ಬೇಗ ತಂದ್ಬಿಡು. ಹಿಂದಿನಿಂದ ಬಾ, ಮುಂದೆ ದೊಡ್ಡವರು ಇರ್ತಾರೆ."

ನಾನು ತಲೆ ಆಡಿಸಿದೆ. ಐವತ್ತು ವರ್ಷ ಕಲ್ಲಿನ ಮುಂದೆ ಬಗ್ಗಿ ಬಗ್ಗಿ ನನ್ನ ಕತ್ತಿಗೆ ಮೇಲೆ ಕೆಳಗೆ ಆಡುವುದೊಂದೇ ಗೊತ್ತು. ಅಡ್ಡಡ್ಡ ಆಡುವುದನ್ನು ಅದು ಕಲಿತೇ ಇರಲಿಲ್ಲ.

ಗವಸು ದಪ್ಪ ಬಟ್ಟೆಯವು. ಒಣಗಿದ್ದಾಗ ಹೂವು, ಒದ್ದೆಯಾದರೆ ಹೆಣ. ತಲೆ ತಾಗುವಲ್ಲಿ ಎಣ್ಣೆಯ ಜಿಡ್ಡು, ಬೆನ್ನು ತಾಗುವಲ್ಲಿ ಬೆವರು, ಅಡಿಯಲ್ಲಿ ಕಾಫಿಯದೋ ಎಲೆ ಅಡಿಕೆಯದೋ ಏನೇನೋ ಕಲೆ. ಮೂರು ದಿನ ಒಗೆದೆ. ಎರಡನೆಯ ದಿನ ಹೆಬ್ಬೆರಳ ಗೆಣ್ಣು ಬಿರಿಯಿತು. ಒಂದು ಗವಸಿನ ಮೇಲೆ ರಕ್ತದ ಹನಿ ಬಿತ್ತು. ನಾನು ಮೊದಲು ಕೈ ನೋಡಿಕೊಳ್ಳಲಿಲ್ಲ. ಗವಸು ನೋಡಿದೆ. ಅಯ್ಯೋ, ಕಲೆಯಾಯಿತು ಎಂದು ಓಡಿಹೋಗಿ ತಣ್ಣೀರು, ಉಪ್ಪು ತಂದು ತಿಕ್ಕಿದೆ. ತಿಕ್ಕುತ್ತ ತಿಕ್ಕುತ್ತ ನಿಂತೆ. ಯಾರದೋ ಕುರ್ಚಿಗೆ ನನ್ನ ರಕ್ತ ಕಾಣಬಾರದೆಂದು ನಾನು ಉಪ್ಪು ಹಾಕುತ್ತಿದ್ದೆ. ಬಿರಿದ ಗೆಣ್ಣು ಉರಿಯುತ್ತಿತ್ತು. ನನ್ನ ಮೇಲೆ ನನಗೆ ಅಷ್ಟು ಅಸಹ್ಯ ಯಾವತ್ತೂ ಆಗಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಗವಸುಗಳೆಲ್ಲ ನಮ್ಮ ಮನೆ ತಾರಸಿಯ ಹಗ್ಗಗಳ ಮೇಲೆ ಒಣಗಿದ್ದವು. ನಾನು ಮಸಿ ಶೀಶೆಯನ್ನೂ ಕುಂಚವನ್ನೂ ತಂದೆ. ಗುರುತನ್ನು ಯಾವಾಗಲೂ ಒಳಗೆ ಹಾಕುತ್ತೇವೆ, ಅಂಚಿನಲ್ಲಿ, ಕಡಲೆಕಾಳಿನಷ್ಟು ಚಿಕ್ಕದಾಗಿ. ಈ ಸಲ ಹೊರಗೆ ಹಾಕಿದೆ. ಕುರ್ಚಿಯ ಬೆನ್ನಿನ ಹಿಂಬದಿಗೆ, ನಟ್ಟ ನಡುವೆ, ಗೇಣುದ್ದ. ಮೂರು, ಒಂದು, ಏಳು, ನಾಲ್ಕು, ಸೊನ್ನೆ, ಒಂಬತ್ತು.

ಹನ್ನೆರಡನೆಯದು ಬರೆಯುವಾಗ ಮಗಳು ಮೇಲೆ ಬಂದಳು.

"ಅಮ್ಮಾ, ಏನ್ ಮಾಡ್ತಿದೀಯ?"

"ಗುರುತು ಹಾಕ್ತಿದೀನಿ."

"ಗುರುತು ಒಳಗಡೆ ಅಲ್ವಾ ಹಾಕೋದು?"

"ಒಳಗಡೆ ಹಾಕಿದ್ದು ಯಾರಿಗೂ ಕಾಣ್ಲಿಲ್ಲ."

ಅವಳು ಒಂದು ಗವಸು ಎತ್ತಿ ನೋಡಿದಳು. ಅಪ್ಪನ ನಂಬರು ಅವಳಿಗೂ ಬಾಯಿಪಾಠ.

"ಜೈಲಿಗೆ ಹಾಕ್ತಾರೆ."

"ಹಾಕ್ಲಿ. ಅಲ್ಲೂ ಬಟ್ಟೆ ಕೊಳೆಯಾಗ್ತವೆ."

ಅವಳು ನನ್ನ ಕೈಯಿಂದ ಕುಂಚ ಕಿತ್ತುಕೊಂಡಳು. "ನಿನ್ನ ಸೊನ್ನೆ ಸೊಟ್ಟ. ಅಪ್ಪನ ನಂಬರನ್ನ ಹೀಗಾ ಬರಿಯೋದು? ಕೊಡು ಇಲ್ಲಿ."

ಶನಿವಾರ ಬೆಳಿಗ್ಗೆ ಮಡಿಸಿದ ಗವಸುಗಳನ್ನು ಹಿಂಬಾಗಿಲಿಂದ ಕೊಟ್ಟೆವು. ಸಿಕ್ಕಿಬೀಳುತ್ತೇವೆಂದು ನಾನು ಬಾಗಿಲ ಮರೆಯಲ್ಲೇ ನಿಂತೆ. ಜವಾನ ಒಂದೊಂದನ್ನೇ ಕುರ್ಚಿಗೆ ತೊಡಿಸಿದ. ನಂಬರು ನೋಡಿದ. ಏನೂ ಕೇಳಲಿಲ್ಲ. ಆ ಕಚೇರಿಯಲ್ಲಿ ಮೇಜಿಗೆ ನಂಬರಿದೆ, ಬೀರುವಿಗೆ ನಂಬರಿದೆ, ಕಸದ ಬುಟ್ಟಿಗೂ ಬಿಳಿ ಬಣ್ಣದಲ್ಲಿ ನಂಬರಿದೆ. ಗವಸಿಗೂ ಈಗ ನಂಬರು ಬಂತೆಂದುಕೊಂಡಿರಬೇಕು. ಗುಮಾಸ್ತರೂ ಬಂದು ನೋಡಿ, ಸಾಲು ನೇರ ಮಾಡಿಸಿ ಹೋದರು. ಎರಡು ವರ್ಷ ನನ್ನ ಬಾಯಿಂದ ಕೇಳಿದ ನಂಬರು ನೂರಿಪ್ಪತ್ತು ಸಲ ಕಣ್ಣ ಮುಂದೆ ನಿಂತಿತ್ತು. ಅವರಿಗೆ ಗುರುತೇ ಹತ್ತಲಿಲ್ಲ.

ಸಭೆ ತುಂಬಿತು. ವಿಧವೆಯರು ಮುಂದಿನ ಎರಡು ಸಾಲಿನಲ್ಲಿ, ಹಳೆಯ ಸೈನಿಕರು ಅವರ ಹಿಂದೆ. ಸಾಹೇಬರು ವೇದಿಕೆ ಹತ್ತಿದರು. ನಾನೂ ಮಗಳೂ ಹಿಂಬಾಗಿಲ ಹೊಸ್ತಿಲ ಹತ್ತಿರ ನಿಂತಿದ್ದೆವು. "ಪ್ರಾಣವನ್ನೇ ಪಣವಾಗಿಟ್ಟ ಒಬ್ಬೊಬ್ಬ ಸೈನಿಕನನ್ನೂ ಈ ಇಲಾಖೆ ಮರೆಯುವುದಿಲ್ಲ" ಎಂದು ಸಾಹೇಬರು ಓದಿದರು. ಚಪ್ಪಾಳೆ ಬಿತ್ತು. ಅಭ್ಯಾಸ ನೋಡಿ, ನಾನೂ ಹೊಡೆದೆ.

ಆಗ ಮೂರನೆಯ ಸಾಲಿನಲ್ಲಿ ಮರಗಾಲಿನ ಒಬ್ಬ ಮುದುಕರು ಎದ್ದರು. ಮುಂದಿನ ಕುರ್ಚಿಯ ಬೆನ್ನನ್ನು ನೋಡಿದರು. ಪಕ್ಕದ್ದನ್ನು ನೋಡಿದರು. ತಿರುಗಿ ತಮ್ಮ ಕುರ್ಚಿಯನ್ನೂ ನೋಡಿದರು.

"ಸಾಹೇಬ್ರೇ, ಒಂದು ನಿಮಿಷ. ಇದು ಸಾಮಾನಿನ ನಂಬರಲ್ಲ. ಸಿಪಾಯಿ ನಂಬರು. ಎಲ್ಲಾ ಕುರ್ಚಿ ಮೇಲೂ ಒಂದೇ ಇದೆ. ಯಾರಿವನು?"

ಸಾಹೇಬರು ಗುಮಾಸ್ತರನ್ನು ನೋಡಿದರು. ಗುಮಾಸ್ತರು ಕನ್ನಡಕ ಕೆಳಗಿಳಿಸಿ ಹತ್ತಿರದ ಕುರ್ಚಿಯತ್ತ ಬಗ್ಗಿದರು. ಮುದುಕರು ಕವಾಯತಿನ ದನಿಯಲ್ಲಿ ಕೂಗಿದರು. "ಮೂರು ಒಂದು ಏಳು ನಾಲ್ಕು ಸೊನ್ನೆ ಒಂಬತ್ತು! ಯಾರು?"

ಉತ್ತರ ಕೊಡಬೇಕಾದವರು ಸತ್ತು ನಾಲ್ಕು ವರ್ಷ. ಮಗಳು ಮೊಣಕೈಯಿಂದ ತಿವಿದಳು.

"ನನ್ನ ಗಂಡ" ಎಂದೆ. ಯಾರಿಗೂ ಕೇಳಿಸಲಿಲ್ಲ. ಮತ್ತೆ ಕೂಗಿದೆ. "ನನ್ನ ಗಂಡ! ಹನ್ನೊಂದು ವರ್ಷ ಸೈನ್ಯದಲ್ಲಿದ್ರು. ಮಂಡಿಗೆ ಗುಂಡು ಬಿದ್ದಿತ್ತು. ಇವರು ಇಲ್ಲ ಅಂತಾರೆ."

ಜವಾನ ನಮ್ಮಿಬ್ಬರನ್ನೂ ಹೊರಗೆ ತಳ್ಳಿ ಬಾಗಿಲು ಹಾಕಿದ. ಒಳಗೆ ಮುದುಕರ ಮರಗಾಲು ನೆಲಕ್ಕೆ ಬಡಿಯುವ ಸದ್ದು ಕೇಳುತ್ತಲೇ ಇತ್ತು. ಆಮೇಲೆ ಎಷ್ಟೋ ಊರುಗೋಲುಗಳ ಸದ್ದು ಅದಕ್ಕೆ ಸೇರಿತು.

ಸೋಮವಾರ ಗುಮಾಸ್ತರು ನಮ್ಮ ಮನೆ ಹುಡುಕಿಕೊಂಡು ಬಂದರು. ಹಿಂದೆ ಜವಾನ, ಅವನ ತಲೆಯ ಮೇಲೆ ಗವಸಿನ ಗಂಟು.

"ಇವತ್ತೇ ತೊಳೆದುಕೊಡು. ಇಲ್ದಿದ್ರೆ ನಿನ್ನ ಕತೆ ಬೇರೆ."

"ಹೋಗಲ್ಲ ಸಾರ್. ಹೋಗೋದಾದ್ರೆ ಅದು ಗುರುತು ಹೇಗಾಗತ್ತೆ?"

"ನಾನು ಹೇಳ್ತಿದೀನಿ, ತೊಳಿ."

ನಾನು ತಲೆ ಅಡ್ಡಡ್ಡ ಆಡಿಸಿದೆ. ಕತ್ತು ಸ್ವಲ್ಪ ನೋಯಿತು. "ತೊಳೆಯಲ್ಲ. ಇನ್ಮೇಲೆ ನಿಮ್ಮ ಪರದೇನೂ ಒಗೆಯಲ್ಲ."

ನಾಲ್ಕು ದಿನಕ್ಕೆ ನೋಟಿಸು ಬಂತು. ನನ್ನ ಹೆಸರಿಗೆ ಸರ್ಕಾರದಿಂದ ಬಂದ ಮೊದಲ ಕಾಗದ. ಮಗಳು ಹೆದರಿ ಬಿಳಿಚಿಕೊಂಡಳು. ನಾನು ಬೆಳಕಿಗೆ ಹಿಡಿದು ಕೂಡಿಸಿ ಕೂಡಿಸಿ ಓದಿದೆ.

'ಮೃತ ಸೈನಿಕ ಸಂಖ್ಯೆ ೩೧೭೪೦೯ ರವರ ವಿಧವೆಯಾದ ನೀವು, ಸರ್ಕಾರಿ ಸ್ವತ್ತಾದ ನೂರಿಪ್ಪತ್ತು ಕುರ್ಚಿ ಗವಸುಗಳ ಮೇಲೆ ಸದರಿ ಮೃತ ಸೈನಿಕರ ಸಂಖ್ಯೆಯನ್ನು ಅಳಿಸಲಾಗದ ಮಸಿಯಿಂದ ಬರೆದು ವಿರೂಪಗೊಳಿಸಿರುತ್ತೀರಿ. ಏಳು ದಿನಗಳೊಳಗೆ ಉತ್ತರಿಸತಕ್ಕದ್ದು.'

ಕೆಳಗೆ ಸಾಹೇಬರ ರುಜು. ಅದರ ಮೇಲೆ ದುಂಡು ಮೊಹರು.

ಮೊದಲ ಸಾಲನ್ನು ಹತ್ತು ಸಲ ಓದಿದೆ. ಪಾಪ, ಕಚೇರಿಯವರಾದರೂ ಏನು ಮಾಡುತ್ತಾರೆ? ನಂಬರು ನನ್ನ ಗಂಡನದಲ್ಲ ಎಂದರೆ ಬರೆದವಳು ನಾನೆಂದು ಹೇಗೆ ಸಾಧಿಸುತ್ತಾರೆ? ನನ್ನನ್ನು ತಪ್ಪಿತಸ್ಥೆ ಮಾಡಬೇಕಾದರೆ ನನ್ನ ಗಂಡನನ್ನು ಸೈನಿಕ ಮಾಡಲೇಬೇಕು. ಮೂವತ್ತೆಂಟು ವರ್ಷ ಹದಿನಾಲ್ಕು ಅರ್ಜಿಗೆ ಸಿಗದ ಮಾತು ಸಿಟ್ಟಿನ ಭರದಲ್ಲಿ ಟೈಪಾಗಿತ್ತು. ನಾನು ನಕ್ಕೆ. ನಗುತ್ತ ನಗುತ್ತ ಅತ್ತೆ. ಇದನ್ನು ಅವರಿಗೆ ತೋರಿಸಬೇಕಿತ್ತು ಎನಿಸಿತು.

ಮರುದಿನ ಮುಂಬಾಗಿಲಿಂದ ಹೋದೆ. ಜವಾನ ಕೈ ಅಡ್ಡ ಹಿಡಿದ. ನೋಟಿಸು ತೋರಿಸಿದೆ, ಬಿಟ್ಟ. ಮಹಡಿ ಹತ್ತಿ ಗುಮಾಸ್ತರ ಎದುರಿನ ಕುರ್ಚಿ ಎಳೆದು ಕುಳಿತೆ. ಎರಡು ವರ್ಷದಲ್ಲಿ ಆ ಕೋಣೆಯಲ್ಲಿ ನಾನು ಕುಳಿತದ್ದು ಅದೇ ಮೊದಲು. ಜೊತೆಗೆ ತಂದಿದ್ದ ಎರಡು ಕಾಗದ ಮೇಜಿನ ಮೇಲಿಟ್ಟೆ. ಒಂದು ನೋಟಿಸಿಗೆ ಉತ್ತರ. ಇನ್ನೊಂದು ಪಿಂಚಣಿಗೆ ಹೊಸ ಅರ್ಜಿ, ಅದಕ್ಕೆ ನೋಟಿಸಿನ ಪ್ರತಿ ಲಗತ್ತಿಸಿತ್ತು. ಎರಡನ್ನೂ ಮಗಳು ಬರೆದಿದ್ದಳು.

ಗುಮಾಸ್ತರು ಅರ್ಜಿ ಓದಿದರು. ಲಗತ್ತು ಓದಿದರು. ಮೊದಲ ಸಾಲಿಗೆ ಬಂದಾಗ ಅವರ ತುಟಿ ನಿಂತಿತು.

"ಈ ನೋಟಿಸು ತಪ್ಪಾಗಿ ಬಂದಿದೆ. ಎಲ್ಲಿ, ಒರಿಜಿನಲ್ ಕೊಡಿ. ತಿದ್ದಿ ಬೇರೆ ಕಳಿಸ್ತೀವಿ."

ಮೊದಲ ಸಲ 'ಕೊಡಿ' ಎಂದಿದ್ದರು.

"ಕೊಡಲ್ಲ ಸಾರ್."

"ಗವಸಿನ ಕೇಸು ಬಿಟ್ಟುಬಿಡ್ತೀವಿ. ಕೊಡಿ."

"ಕೇಸು ಬಿಡಬೇಡಿ. ಉತ್ತರದಲ್ಲಿ ಬರ್ದಿದೀನಿ ನೋಡಿ. ಬರೆದವಳು ನಾನೇ. ನೂರಿಪ್ಪತ್ತೂ ನಾನೇ. ಬೇಕಂತಲೇ ಬರೆದೆ. ಕೆಳಗೆ ಸಹಿನೂ ಹಾಕಿದೀನಿ." ನಾನು ಅರ್ಜಿಯನ್ನು ಅವರ ಮುಂದಕ್ಕೆ ಸರಿಸಿದೆ. "ನನ್ನ ತಪ್ಪು ನಾನು ಒಪ್ಕೊಂಡೆ. ಈಗ ನೀವು ಒಪ್ಕೊಳ್ಳಿ."